ಪಾಲು ಹಂಚಿದ ಮೇಲೆ ಉಳಿಯುವ ಒಂದು ರೂಪಾಯಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕಿನ ಸುತ್ತ ಇವೆ: ಹಣವನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಿ ಪಾಲುಗಳನ್ನು ಮತ್ತೆ ಕೂಡಿದರೆ ಮೂಲ ಮೊತ್ತಕ್ಕೆ ತಾಳೆಯಾಗುವುದಿಲ್ಲ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು 180 ಸದಸ್ಯರ ಹಾಲು ಉತ್ಪಾದಕರ ಸಹಕಾರ ಸಂಘ. ವರ್ಷದಲ್ಲಿ ಬಂದ ಹಾಲು ಸುಮಾರು ಮೂರು ಲಕ್ಷ ಲೀಟರ್. ಬೋನಸ್‌ಗೆ ತೆಗೆದಿಟ್ಟ 2,40,000 ರೂಪಾಯಿಯನ್ನು ಅವರವರು ಹಾಕಿದ ಲೀಟರಿಗೆ ತಕ್ಕಂತೆ ಹಂಚಿ, ಪ್ರತಿಯೊಬ್ಬರದನ್ನೂ ಹತ್ತಿರದ ರೂಪಾಯಿಗೆ ರೌಂಡ್ ಆಫ್ ಮಾಡಿದೆವು. ಪಟ್ಟಿ ಕೂಡಿದರೆ 2,40,004 ಬರುತ್ತಿದೆ. ಈ ನಾಲ್ಕು ರೂಪಾಯಿ ಎಲ್ಲಿಂದ ಬಂತು? ಕೈಯಿಂದ ತುಂಬಬೇಕೆ?
— ಸಂಘದ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಉತ್ತರ: ಕೈಯಿಂದ ತುಂಬಬೇಡಿ. ಪಟ್ಟಿಯನ್ನೇ ಸರಿಮಾಡಬಹುದು.

ಪ್ರತಿಯೊಬ್ಬರ ಪಾಲನ್ನು ಬೇರೆ ಬೇರೆಯಾಗಿ ರೌಂಡ್ ಮಾಡಿದಾಗ ಒಬ್ಬೊಬ್ಬರಲ್ಲೂ 50 ಪೈಸೆವರೆಗೆ ಮೇಲೆ ಅಥವಾ ಕೆಳಗೆ ಜರುಗುತ್ತದೆ. ಮೇಲಕ್ಕೆ ಹೋದದ್ದೂ ಕೆಳಕ್ಕೆ ಬಂದದ್ದೂ ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ, ಆದರೆ ಪೂರ್ತಿ ಹೊಡೆದುಹಾಕಲೇಬೇಕೆಂಬ ನಿಯಮವೇನಿಲ್ಲ. 180 ಜನರ ಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ರೂಪಾಯಿ ಆಚೀಚೆ ಬರುತ್ತದೆ (ಸದಸ್ಯರ ಸಂಖ್ಯೆಯನ್ನು 12ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಈ ಅಂದಾಜು ಸಿಗುತ್ತದೆ). ಎಂಟು ರೂಪಾಯಿ ದಾಟುವುದು ಕಡಿಮೆ, ಹನ್ನೆರಡು ದಾಟುವುದು ತೀರ ಅಪರೂಪ. ನಿಮ್ಮ ನಾಲ್ಕು ರೂಪಾಯಿ ರೌಂಡ್ ಆಫ್‌ನದೇ ಇರಬೇಕು. ವ್ಯತ್ಯಾಸ ನಲವತ್ತು ರೂಪಾಯಿ ಇದ್ದಿದ್ದರೆ ಅದನ್ನು ರೌಂಡ್ ಆಫ್ ತಲೆಗೆ ಕಟ್ಟುವಂತಿರಲಿಲ್ಲ. ಯಾರದೋ ಲೀಟರು ತಪ್ಪಾಗಿ ಇಳಿದಿದೆ, ಇಲ್ಲವೇ ಒಂದು ಹೆಸರು ಎರಡು ಸಲ ಬಂದಿದೆ ಎಂದು ಹುಡುಕಬೇಕಿತ್ತು.

ಸರಿಪಡಿಸುವ ಕ್ರಮವನ್ನು ಆರು ಜನರ ಸಣ್ಣ ಪಟ್ಟಿಯಲ್ಲಿ ತೋರಿಸುತ್ತೇವೆ. ಹಂಚಬೇಕಾದ್ದು 10,000 ರೂಪಾಯಿ, ಒಟ್ಟು ಹಾಲು 4,870 ಲೀಟರ್. ಲೀಟರನ್ನು 10,000ದಿಂದ ಗುಣಿಸಿ 4,870ರಿಂದ ಭಾಗಿಸಿದರೆ ಸಿಗುವ ನಿಖರ ಪಾಲುಗಳು:

1,482 ಲೀಟರ್ — 3,043.12
1,117 ಲೀಟರ್ — 2,293.63
965 ಲೀಟರ್ — 1,981.52
743 ಲೀಟರ್ — 1,525.67
418 ಲೀಟರ್ — 858.32
145 ಲೀಟರ್ — 297.74

ಹತ್ತಿರದ ರೂಪಾಯಿಗೆ ತಂದರೆ 3,043, 2,294, 1,982, 1,526, 858, 298. ಕೂಡಿದರೆ 10,001. ನಾಲ್ಕು ಜನರದ್ದು ಮೇಲಕ್ಕೆ ಹೋಯಿತು, ಇಬ್ಬರದ್ದು ಮಾತ್ರ ಕೆಳಕ್ಕೆ ಬಂತು. ಅದಕ್ಕೇ ಒಂದು ರೂಪಾಯಿ ಹೆಚ್ಚು.

ಇದರ ಬದಲು ಮೊದಲು ಎಲ್ಲರ ಪೈಸೆಯನ್ನೂ ಬಿಟ್ಟು ರೂಪಾಯಿಯನ್ನಷ್ಟೇ ಬರೆಯಿರಿ: 3,043, 2,293, 1,981, 1,525, 858, 297. ಮೊತ್ತ 9,997. ಇನ್ನು ಮೂರು ರೂಪಾಯಿ ಕೈಯಲ್ಲಿದೆ. ಯಾರ ಪೈಸೆ ಹೆಚ್ಚಿಗೆ ಬಿಟ್ಟುಹೋಗಿದೆಯೋ ಅವರಿಂದ ಶುರುಮಾಡಿ ಒಂದೊಂದು ರೂಪಾಯಿ ಕೊಡಿ. 74 ಪೈಸೆ ಬಿಟ್ಟ 145 ಲೀಟರಿನವರಿಗೆ ಒಂದು, 67 ಪೈಸೆ ಬಿಟ್ಟ 743 ಲೀಟರಿನವರಿಗೆ ಒಂದು, 63 ಪೈಸೆ ಬಿಟ್ಟ 1,117 ಲೀಟರಿನವರಿಗೆ ಒಂದು. ಅಲ್ಲಿಗೆ ಸರಿಯಾಗಿ 10,000. 965 ಲೀಟರಿನವರಿಗೆ 52 ಪೈಸೆ ಇದ್ದರೂ ಸರದಿ ಬರುವಷ್ಟರಲ್ಲಿ ರೂಪಾಯಿ ಮುಗಿದಿದೆ, ಅವರಿಗೆ 1,981. ಈ ವಿಧಾನಕ್ಕೆ ದೊಡ್ಡ ಶೇಷದ ವಿಧಾನ ಎನ್ನಬಹುದು. ಇದರಲ್ಲಿ ಯಾರಿಗೂ ಒಂದು ರೂಪಾಯಿಯಷ್ಟು ಹೆಚ್ಚುಕಡಿಮೆ ಆಗದು, ಮೊತ್ತ ಎಂದೂ ತಪ್ಪದು.

ಇಬ್ಬರ ಬಿಡಿ ಪೈಸೆ ಸಮವಾಗಿ, ಉಳಿದದ್ದು ಒಂದೇ ರೂಪಾಯಿ ಆದರೆ? ಹೆಚ್ಚು ಹಾಲು ಹಾಕಿದವರಿಗೆ, ಅದೂ ಸಮವಾದರೆ ಸದಸ್ಯತ್ವ ಸಂಖ್ಯೆ ಮೊದಲಿರುವವರಿಗೆ — ಹೀಗೆ ಏನಾದರೂ ಒಂದು ನಿಯಮ ಇರಲಿ. ಅದನ್ನು ಹಂಚುವ ಮೊದಲೇ ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆಸಿ. ಲೆಕ್ಕ ಹಾಕಿದ ಮೇಲೆ ನಿಯಮ ಆರಿಸಿದರೆ, ಅದು ಎಷ್ಟೇ ನ್ಯಾಯವಾಗಿದ್ದರೂ, ಯಾರಿಗೋ ಅನುಕೂಲ ಮಾಡಲು ಆರಿಸಿದಂತೆ ಕಾಣುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಬಹಳ ಸಂಘಗಳಲ್ಲಿ ಮೊದಲು ‘ಲೀಟರಿಗೆ ಇಷ್ಟು’ ಎಂದು ದರ ಕಟ್ಟಿ, ಆ ದರವನ್ನೇ ಪೈಸೆಗೆ ರೌಂಡ್ ಮಾಡಿ, ಆಮೇಲೆ ಗುಣಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ದರ 2.0533... ರೂಪಾಯಿ. ಅದನ್ನು 2.05 ಎಂದು ಹಿಡಿದರೆ ಬಟವಾಡೆ ಆಗುವುದು 9,983.50 ಮಾತ್ರ, ಹದಿನಾರೂವರೆ ರೂಪಾಯಿ ಹಂಚಿಕೆಯಾಗದೆ ಉಳಿಯುತ್ತದೆ. ನಿಮ್ಮ ಮೂರು ಲಕ್ಷ ಲೀಟರಿಗೆ ದರದಲ್ಲಿ ಅರ್ಧ ಪೈಸೆ ಜರುಗಿದರೆ 1,500 ರೂಪಾಯಿ ಆಚೀಚೆ. ಅಲ್ಲಿ ದುಡ್ಡು ಕಳೆದುಕೊಂಡು ಇಲ್ಲಿ ನಾಲ್ಕು ರೂಪಾಯಿಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಮೊದಲು ಗುಣಾಕಾರ, ಆಮೇಲೆ ಭಾಗಾಕಾರ, ರೌಂಡ್ ಆಫ್ ಕಟ್ಟಕಡೆಗೆ. ಸೂಚನಾ ಫಲಕಕ್ಕೆ ಹಾಕಲು ದರ ಬೇಕಿದ್ದರೆ ‘ಸುಮಾರು’ ಎಂದು ಬರೆದು ಹಾಕಿ, ಲೆಕ್ಕಕ್ಕೆ ಅದನ್ನು ಬಳಸಬೇಡಿ.

ಪ್ರಶ್ನೆ: ಇಷ್ಟೆಲ್ಲ ಏಕೆ? ಎಲ್ಲರ ಪೈಸೆಯನ್ನೂ ಬಿಟ್ಟು, ಉಳಿದದ್ದನ್ನು ಸಂಘದ ನಿಧಿಗೆ ಹಾಕಿದರೆ ಆಗದೆ?
— ಮಂಡ್ಯ

ಉತ್ತರ: ಸದಸ್ಯರು ಒಪ್ಪಿ ಠರಾವು ಮಾಡಿದರೆ ಆಗುತ್ತದೆ, ಆದರೆ ಅದರ ಪರಿಣಾಮ ತಿಳಿದು ಒಪ್ಪಬೇಕು. ಹತ್ತಿರದ ರೂಪಾಯಿಗೆ ತಂದಾಗ ತಪ್ಪು ಎರಡೂ ಕಡೆಗೆ ವಾಲುತ್ತದೆ; ಸದಾ ಬಿಟ್ಟಾಗ ಒಂದೇ ಕಡೆಗೆ. 180 ಜನರಿಂದ ತಲಾ ಸರಾಸರಿ 50 ಪೈಸೆಯಂತೆ ಪ್ರತಿ ಬಟವಾಡೆಗೂ 90 ರೂಪಾಯಿ ನಿಲ್ಲುತ್ತದೆ. ತಿಂಗಳಿಗೆ ಎರಡು ಬಟವಾಡೆ ಇದ್ದರೆ ವರ್ಷಕ್ಕೆ ಎರಡು ಸಾವಿರ ದಾಟುತ್ತದೆ.

ಒಂದೇ ಕಡೆಗೆ ವಾಲುವ ತಪ್ಪು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಉದಾಹರಣೆ ಇದೆ. ಅಲ್ಲಿನ ಸೂಚ್ಯಂಕ 1982ರ ಜನವರಿಯಲ್ಲಿ 1,000ದಿಂದ ಆರಂಭವಾಯಿತು. ಪ್ರತಿ ವಹಿವಾಟಿನ ನಂತರ ಸೂಚ್ಯಂಕದ ಹೊಸ ಬೆಲೆ ಕಟ್ಟುವಾಗ ಮೂರು ದಶಮಾಂಶದ ಆಚೆಗಿನದ್ದನ್ನು ಕತ್ತರಿಸಿಹಾಕುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1,098ರ ಮೇಲೆ ಇರಬೇಕಿತ್ತು.

ಪ್ರಶ್ನೆ: ಎಕ್ಸೆಲ್‌ನಲ್ಲಿ 1,000 ರೂಪಾಯಿಯನ್ನು ಮೂವರಿಗೆ ಹಂಚಿದ್ದೇನೆ. ಮೂರು ಸಾಲಿನಲ್ಲೂ 333.33, ಕೆಳಗೆ ಮೊತ್ತ 1,000.00 ಎಂದು ತೋರಿಸುತ್ತದೆ. ಬ್ಯಾಂಕಿಗೆ ಕಳಿಸಿದ ಹಣ ಕೂಡಿದರೆ 999.99. ಎಕ್ಸೆಲ್ ತಪ್ಪು ಲೆಕ್ಕ ಮಾಡುತ್ತದೆಯೆ?
— ಹುಬ್ಬಳ್ಳಿ

ಉತ್ತರ: ಲೆಕ್ಕ ತಪ್ಪಿಲ್ಲ. ನೀವು ಎರಡು ದಶಮಾಂಶ ಎಂದು ಫಾರ್ಮ್ಯಾಟ್ ಮಾಡಿದ್ದು ಕಣ್ಣಿಗೆ ಕಾಣುವುದನ್ನು ಮಾತ್ರ ಬದಲಿಸಿದೆ. ಒಳಗೆ 333.333333... ಹಾಗೇ ಇದೆ, ಮೊತ್ತ ಕಟ್ಟುವುದು ಒಳಗಿನದರಿಂದ. ಪಾವತಿಯಾಗುವ ಮೊತ್ತ ಬೇಕಿದ್ದರೆ ರೌಂಡ್ ಸೂತ್ರವನ್ನೇ ಹಾಕಬೇಕು.

ದೊಡ್ಡ ಪಟ್ಟಿಗಳಲ್ಲಿ ಶೇಷಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸುವುದು ಬೇಸರ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಪ್ರತಿ ಸಾಲಿನಲ್ಲೂ, ಮೊದಲ ಸಾಲಿನಿಂದ ಆ ಸಾಲಿನವರೆಗಿನ ಲೀಟರುಗಳನ್ನು ಕೂಡಿ, ಹಂಚುವ ಹಣದಿಂದ ಗುಣಿಸಿ, ಒಟ್ಟು ಲೀಟರಿನಿಂದ ಭಾಗಿಸಿ ರೌಂಡ್ ಮಾಡಿ. ಅದರಿಂದ ಮೇಲಿನ ಸಾಲುಗಳಿಗೆ ಈಗಾಗಲೇ ಕೊಟ್ಟದ್ದನ್ನು ಕಳೆದರೆ ಆ ಸಾಲಿನ ಪಾಲು. ಮೇಲಿನ ಆರು ಜನರಿಗೆ ಹೀಗೆ ಮಾಡಿದರೆ ಓಡುವ ಮೊತ್ತ (ಆ ಸಾಲಿನವರೆಗಿನ ಒಟ್ಟು ಹಣ) 3,043, 5,337, 7,318, 8,844, 9,702, 10,000. ಪಾಲುಗಳು 3,043, 2,294, 1,981, 1,526, 858, 298. ಕೊನೆಯ ಸಾಲಿನಲ್ಲಿ ಓಡುವ ಮೊತ್ತ ಹಂಚುವ ಹಣವೇ ಆಗಿರುವುದರಿಂದ ಮೊತ್ತ ತಪ್ಪಲು ಸಾಧ್ಯವೇ ಇಲ್ಲ. ಇದರ ಕುಂದು ಎಂದರೆ, ಸಾಲುಗಳ ಕ್ರಮ ಬದಲಾದರೆ ಯಾರಿಗೆ ರೂಪಾಯಿ ಹೆಚ್ಚು ಎನ್ನುವುದೂ ಬದಲಾಗಬಹುದು. ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿ ಪಟ್ಟಿ ಮಾಡಿ, ಅದನ್ನು ಕದಲಿಸಬೇಡಿ.

ಪ್ರಶ್ನೆ: ಅಜ್ಜನ ಕಾಲದ ವಿಭಾಗ ಪತ್ರದಲ್ಲಿ ಮೂರು ಕವಲಿಗೂ ‘ಐದಾಣೆ ನಾಲ್ಕು ಪೈ’ ಪಾಲು ಎಂದಿದೆ. ಈಗ ಭೂಸ್ವಾಧೀನದ ಪರಿಹಾರ 84 ಲಕ್ಷ ಬಂದಿದೆ. ಮೊದಲ ಕವಲಿನಲ್ಲಿ ಒಬ್ಬರೇ, ಎರಡನೆಯದರಲ್ಲಿ ಮೂವರು, ಮೂರನೆಯದರಲ್ಲಿ ನಾಲ್ವರು ಸಮ ಹಕ್ಕುದಾರರು. 33.33, 11.11, 8.33 ಶೇಕಡಾ ಎಂದು ಕರಾರು ಬರೆಸಿದರೆ ಸರಿಯೆ?
— ಶಿರಸಿ

ಉತ್ತರ: ದಯವಿಟ್ಟು ಶೇಕಡಾ ಬರೆಸಬೇಡಿ. ಆ ಅಂಕಿಗಳಂತೆ ಹಂಚಿದರೆ ಏನಾಗುತ್ತದೆ ನೋಡಿ. ಮೊದಲ ಕವಲಿಗೆ 27,99,720. ಎರಡನೆಯ ಕವಲಿನಲ್ಲಿ ತಲಾ 9,33,240, ಒಟ್ಟು ಅದೂ 27,99,720. ಮೂರನೆಯದರಲ್ಲಿ ತಲಾ 6,99,720ರಂತೆ 27,98,880. ಎಲ್ಲ ಕೂಡಿದರೆ 83,98,320. ಯಾರಿಗೂ ಸೇರದ 1,680 ರೂಪಾಯಿ ಉಳಿಯಿತು, ಜೊತೆಗೆ ಸಮ ಪಾಲಿನ ಮೂರು ಕವಲುಗಳಲ್ಲಿ ಒಂದಕ್ಕೆ ಉಳಿದೆರಡಕ್ಕಿಂತ 840 ರೂಪಾಯಿ ಕಡಿಮೆಯಾಯಿತು. ಕರಾರಿನಲ್ಲಿ ಒಮ್ಮೆ ಸಹಿ ಬಿದ್ದರೆ ಆ 8.33 ಮುಂದೆ ಬರುವ ಪ್ರತಿ ಹಣಕ್ಕೂ ಅಂಟಿಕೊಳ್ಳುತ್ತದೆ.

ಹಳೆಯ ಪತ್ರ ಬರೆದವರ ಲೆಕ್ಕ ಪಕ್ಕಾ ಇತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಅದರ ಮೂರನೇ ಒಂದು ಭಾಗ 64 ಪೈ, ಅಂದರೆ ಐದಾಣೆ ನಾಲ್ಕು ಪೈ, ಒಂದಿಷ್ಟೂ ಶೇಷವಿಲ್ಲದೆ. ನೂರು ಪೈಸೆಯನ್ನು ಮೂರರಿಂದ ಭಾಗಿಸಿದರೆ ಹಾಗೆ ಬರುವುದಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗಲೂ ಇದೇ ಇಕ್ಕಟ್ಟು ಎದುರಾಗಿತ್ತು: ಒಂದಾಣೆ ಎಂದರೆ ಆರೂಕಾಲು ನಯಾ ಪೈಸೆ. ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಮೂರಾಣೆಗೆ 19 ಎಂದಿತ್ತು. ಒಂದೊಂದಾಣೆಯಂತೆ ಮೂರು ಸಲ ಕೊಟ್ಟರೆ 18, ಒಟ್ಟಿಗೆ ಕೊಟ್ಟರೆ 19.

ನಿಮ್ಮ ಕರಾರಿನಲ್ಲಿ ಭಿನ್ನರಾಶಿಯನ್ನೇ ಬರೆಸಿ. ಮೂರು, ಒಂಬತ್ತು, ಹನ್ನೆರಡಕ್ಕೆ ಸಾಮಾನ್ಯ ಛೇದ 36. ಮೊದಲ ಕವಲಿಗೆ 36ರಲ್ಲಿ 12 ಪಾಲು, ಎರಡನೆಯದರ ಪ್ರತಿಯೊಬ್ಬರಿಗೆ 4 ಪಾಲು, ಮೂರನೆಯದರ ಪ್ರತಿಯೊಬ್ಬರಿಗೆ 3 ಪಾಲು. ಹಂಚುವಾಗ ಮೇಲಿನಿಂದ ಕೆಳಕ್ಕೆ ಬನ್ನಿ: ಮೊದಲು ಕವಲುಗಳಿಗೆ ತಲಾ 28 ಲಕ್ಷ, ಆಮೇಲೆ ಕವಲಿನೊಳಗೆ. ಮೂರನೆಯ ಕವಲಿನಲ್ಲಿ ತಲಾ 7 ಲಕ್ಷ, ಶೇಷವಿಲ್ಲ. ಎರಡನೆಯದರಲ್ಲಿ ಇಬ್ಬರಿಗೆ 9,33,333.33, ಒಬ್ಬರಿಗೆ 9,33,333.34. ಆ ಒಂದು ಪೈಸೆಯ ಮಾತು ಆ ಕವಲಿನೊಳಗೇ ಮುಗಿಯುತ್ತದೆ, ಬೇರೆ ಕವಲಿಗೆ ತಾಗುವುದಿಲ್ಲ.

ಪ್ರಶ್ನೆ: ಮಳಿಗೆಯ ಬಾಡಿಗೆ ತಿಂಗಳಿಗೆ 20,000. ಮೂವರು ಒಡಹುಟ್ಟಿದವರಿಗೆ ಸಮನಾಗಿ, ನಗದಾಗಿ. ಪ್ರತಿ ತಿಂಗಳೂ ಒಬ್ಬರಿಗೆ ಒಂದು ರೂಪಾಯಿ ಕಡಿಮೆ ಬೀಳುತ್ತದೆ.
— ದಾವಣಗೆರೆ

ಉತ್ತರ: 6,667, 6,667, 6,666. ಆ 6,666 ಪಡೆಯುವವರನ್ನು ತಿಂಗಳು ತಿಂಗಳು ಬದಲಿಸಿ; ಮೂರು ತಿಂಗಳಿಗೆ ಮೂವರದೂ ಸರಿಯಾಗಿ 20,000 ಆಗುತ್ತದೆ. ಪೈಸೆಯವರೆಗೆ ನಗದು ಕೊಡಲು ಹೋಗಬೇಡಿ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. ಬ್ಯಾಂಕಿನ ಮೂಲಕ ಕಳಿಸುವುದಾದರೆ ಪೈಸೆಯ ಘಟಕವನ್ನೇ ಇಟ್ಟುಕೊಳ್ಳಬಹುದು.

ಪಾಲು ಅಸಮವಿದ್ದರೆ ಸರದಿ ಸಾಲದು, ಬಾಕಿ ಮುಂದೆ ಒಯ್ಯಬೇಕು. ಇದೇ ಬಾಡಿಗೆ 5 ಮತ್ತು 2ರ ಪ್ರಮಾಣದಲ್ಲಿ ಇಬ್ಬರಿಗೆ ಎಂದುಕೊಳ್ಳಿ. ಮೊದಲನೆಯವರ ನಿಖರ ಪಾಲು 14,285.71; ಕೊಟ್ಟದ್ದು 14,286; ಅವರ ಹೆಸರಿಗೆ 29 ಪೈಸೆ ಹೆಚ್ಚು ಹೋಗಿದೆ. ಮುಂದಿನ ತಿಂಗಳು ಅದನ್ನು ಕಳೆದರೆ 14,285.43, ಕೊಡುವುದು 14,285. ಹೀಗೆ ಒಯ್ಯುತ್ತ ಏಳನೆಯ ತಿಂಗಳಿಗೆ ಒಬ್ಬರಿಗೆ 1,00,000, ಇನ್ನೊಬ್ಬರಿಗೆ 40,000, ಬಾಕಿ ಸೊನ್ನೆ. ಪುಸ್ತಕದಲ್ಲಿ ಇದಕ್ಕೊಂದು ಕಾಲಂ ಸಾಕು.

ಪ್ರಶ್ನೆ: ವೇತನ 15,000. ಮಾಲೀಕರ ವಂತಿಗೆ 12 ಶೇಕಡಾ, ಅಂದರೆ 1,800. ಅದರಲ್ಲಿ ಪಿಂಚಣಿಗೆ 8.33, ಪಿಎಫ್‌ಗೆ 3.67 ಶೇಕಡಾ ಹಾಕಿದರೆ 1,250 ಮತ್ತು 551, ಒಟ್ಟು 1,801 ಆಗುತ್ತಿದೆ.
— ಪೀಣ್ಯ, ಬೆಂಗಳೂರು

ಉತ್ತರ: 1,249.50 ಮತ್ತು 550.50, ಎರಡೂ ಅರ್ಧಕ್ಕೆ ಬಂದು ನಿಂತಿವೆ. ಎರಡನ್ನೂ ಮೇಲಕ್ಕೆ ತಂದಿದ್ದೀರಿ. ಪಿಎಫ್‌ನಲ್ಲಿ ಆ 3.67 ಸ್ವತಂತ್ರ ದರವಲ್ಲ, ಕಳೆದು ಉಳಿದದ್ದು. ಪಿಂಚಣಿಯನ್ನು ಮೊದಲು ರೌಂಡ್ ಮಾಡಿ 1,250 ಎಂದಿಟ್ಟು, 1,800ರಲ್ಲಿ ಕಳೆಯಿರಿ: 550. ಮಾಸಿಕ ರಿಟರ್ನ್‌ನಲ್ಲೂ ಆ ಕಾಲಂ ವ್ಯತ್ಯಾಸದ ಮೊತ್ತವೆಂದೇ ಇದೆ. ಪೂರ್ಣ ವೇತನದ ಮೇಲೆ ಪಿಎಫ್ ಕಟ್ಟಿ, ಪಿಂಚಣಿಯನ್ನು 15,000ದ ಮಿತಿಯಲ್ಲೇ ಇಟ್ಟಾಗ ಇದು ಇನ್ನೂ ಮುಖ್ಯ: 22,000ಕ್ಕೆ 2,640ರಲ್ಲಿ 1,250 ಕಳೆದು 1,390. 3.67 ಎಂದು ಗುಣಿಸಿದರೆ 807 ಬಂದು ಲೆಕ್ಕವೇ ಹಳ್ಳ ಹಿಡಿಯುತ್ತದೆ.

ಕೊನೆಯದನ್ನು ಕಳೆದು ಪಡೆಯುವ ಈ ಉಪಾಯ ಎರಡು ಭಾಗಗಳಿಗೆ ಚೆನ್ನ. 180 ಸದಸ್ಯರ ಪಟ್ಟಿಗೆ ಹಾಕಿದರೆ ಇಡೀ ತಪ್ಪು ಕೊನೆಯ ಹೆಸರಿನ ಮೇಲೆ ಬೀಳುತ್ತದೆ.

ಪ್ರಶ್ನೆ: 333 ರೂಪಾಯಿ ಬಿಲ್ಲಿಗೆ 5 ಶೇಕಡಾ ಜಿಎಸ್‌ಟಿ 16.65. ಕೇಂದ್ರ, ರಾಜ್ಯ ಎಂದು ಒಡೆದರೆ 8.33, 8.33, ಅಂದರೆ 16.66. ಒಂದನ್ನು 8.32 ಮಾಡಬೇಕೆ?
— ಬೆಳಗಾವಿ

ಉತ್ತರ: ಬೇಡ. ಇಲ್ಲಿ ಒಡೆಯಬೇಕಾದ ಮೊತ್ತವೇ ಇಲ್ಲ. ಎರಡು ಕಾಯ್ದೆಗಳಡಿ ತಲಾ ಎರಡೂವರೆ ಶೇಕಡಾದ ಎರಡು ತೆರಿಗೆಗಳಿವೆ, ಪ್ರತಿಯೊಂದೂ 8.325, ಪ್ರತಿಯೊಂದೂ 8.33 ಆಗುತ್ತದೆ. ಅವನ್ನು ಕೂಡಿದ್ದೇ ಒಟ್ಟು ತೆರಿಗೆ. ಎರಡೂ ಸಮವಿರಲಿ. ಬಿಲ್ಲಿನ ಕೊನೆಯಲ್ಲಿ ರೂಪಾಯಿಗೆ ತರುವುದಾದರೆ ‘ರೌಂಡ್ ಆಫ್’ ಎಂದು ಬೇರೆ ಸಾಲು ಹಾಕಿ.

ರಿಯಾಯಿತಿ ಹಂಚುವಾಗ ಮಾತ್ರ ಹಾಲಿನ ಸಂಘದ ನಿಯಮ ಬೇಕಾಗುತ್ತದೆ. ತಲಾ 250ರ ಮೂರು ವಸ್ತುಗಳಿಗೆ 100 ರೂಪಾಯಿ ಬಿಟ್ಟರೆ 33.34, 33.33, 33.33 ಎಂದು ಸಾಲು ಸಾಲಿಗೂ ಬರೆದಿಡಿ. ಗ್ರಾಹಕರು ವಾಪಸು ತಂದಾಗ ಆ ಸಾಲಿನಲ್ಲಿ ಬರೆದಿರುವ ರಿಯಾಯಿತಿಯನ್ನೇ 250ರಲ್ಲಿ ಕಳೆದು ಕೊಡಬೇಕು. ಹೊಸದಾಗಿ 250ರಲ್ಲಿ 33.33 ಕಳೆಯುತ್ತ ಹೋದರೆ ಮೂರಕ್ಕೂ ಸೇರಿ 650.01 ಕೊಡುತ್ತೀರಿ, ತೆಗೆದುಕೊಂಡದ್ದು 650.

ಪ್ರಶ್ನೆ: ಖರ್ಚು ಹಂಚುವ ಆ್ಯಪ್ ಬರೆಯುತ್ತಿದ್ದೇನೆ. ಪರೀಕ್ಷೆಯಲ್ಲಿ ಕೆಲವು ಸಲ ಒಂದು ಪೈಸೆ ಆಚೀಚೆ.
— ಮೈಸೂರು

ಉತ್ತರ: ಹಣವನ್ನು ದಶಮಾಂಶದ ಫ್ಲೋಟ್‌ನಲ್ಲಿ ಇಡಬೇಡಿ, ಪೈಸೆಯ ಪೂರ್ಣಾಂಕವಾಗಿ ಇಡಿ. ಫ್ಲೋಟ್ (ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ಬಗೆ) ದ್ವಿಮಾನದಲ್ಲಿ, ಅಂದರೆ 0 ಮತ್ತು 1ರಲ್ಲಿ, ಕೆಲಸ ಮಾಡುವುದರಿಂದ 1.005ನ್ನು 100ರಿಂದ ಗುಣಿಸಿದರೆ 100.49999999999999 ಬರುತ್ತದೆ, ಮೇಲಕ್ಕೆ ಹೋಗಬೇಕಾದ್ದು ಕೆಳಕ್ಕೆ ಬೀಳುತ್ತದೆ. ರೌಂಡ್ ಮಾಡುವ ರೀತಿಯೂ ಎಲ್ಲೆಡೆ ಒಂದೇ ಅಲ್ಲ: 2.5ನ್ನು ಎಕ್ಸೆಲ್ 3 ಮಾಡುತ್ತದೆ, ಪೈಥಾನ್ ಹತ್ತಿರದ ಸಮಸಂಖ್ಯೆಗೆ ತಂದು 2 ಮಾಡುತ್ತದೆ. ಸರ್ವರ್ ಒಂದು ಭಾಷೆಯಲ್ಲಿ, ವರದಿ ಇನ್ನೊಂದರಲ್ಲಿ ಇದ್ದರೆ ಎರಡೂ ಕಡೆ ಒಂದೇ ನಿಯಮವನ್ನು ಸ್ಪಷ್ಟವಾಗಿ ಬರೆಯಿರಿ.

ರೀಫಂಡ್‌ನ ಋಣ ಮೊತ್ತಗಳಲ್ಲಿ ಹೆಚ್ಚು ಎಚ್ಚರ ಬೇಕು. ಮೈನಸ್ 7ನ್ನು 2ರಿಂದ ಪೂರ್ಣಾಂಕವಾಗಿ ಭಾಗಿಸಿದರೆ ಪೈಥಾನ್‌ನಲ್ಲಿ ಮೈನಸ್ 4, ಜಾವಾದಲ್ಲಿ ಮೈನಸ್ 3. ಚಿಹ್ನೆ ತೆಗೆದಿಟ್ಟು ಹಂಚಿ, ಕೊನೆಗೆ ಚಿಹ್ನೆ ಹಾಕಿ. ಮೊದಲು ಗುಣಿಸುವುದರಿಂದ ಸಂಖ್ಯೆ ದೊಡ್ಡದಾಗುತ್ತದೆ. 2,40,000 ರೂಪಾಯಿಯ ಪೈಸೆಯನ್ನು 1,482ರಿಂದ ಗುಣಿಸಿದರೇ 32 ಬಿಟ್‌ನ ಮಿತಿ ದಾಟುತ್ತದೆ, 64 ಬಿಟ್ ಬಳಸಿ. ಪ್ರತಿ ಹಂಚಿಕೆಯ ಕೊನೆಗೆ ಪಾಲುಗಳ ಮೊತ್ತ ಮೂಲಕ್ಕೆ ಸಮವೇ ಎಂಬ ತಪಾಸಣೆ ಇರಲಿ, ಸಮವಿಲ್ಲದಿದ್ದರೆ ಪಾವತಿ ಮುಂದೆ ಹೋಗಬಾರದು.

ಪ್ರಶ್ನೆ: ಮೂವರು ಸೇರಿ ಗೊಬ್ಬರ ತರಿಸಿದೆವು. ಜಮೀನು 6, 6, 2 ಎಕರೆ. 10 ಮೂಟೆ ಬಂದರೆ 2 ಎಕರೆಯವರಿಗೆ 2 ಮೂಟೆ ಸಿಗುತ್ತದೆ, 11 ಬಂದರೆ 1 ಎನ್ನುತ್ತದೆ ದೊಡ್ಡ ಶೇಷದ ಲೆಕ್ಕ. ಮೂಟೆ ಹೆಚ್ಚಾದರೆ ಪಾಲು ಕಡಿಮೆಯೆ?
— ಹಾವೇರಿ

ಉತ್ತರ: ನಿಮ್ಮ ಲೆಕ್ಕ ಸರಿ. 10 ಮೂಟೆಗೆ ನಿಖರ ಪಾಲು 4.29, 4.29, 1.43. ಬಿಡಿ ಭಾಗ ಬಿಟ್ಟರೆ 9 ಮೂಟೆ, ಉಳಿದ ಒಂದು ದೊಡ್ಡ ಶೇಷದ 2 ಎಕರೆಯವರಿಗೆ. 11ಕ್ಕೆ 4.71, 4.71, 1.57, ಉಳಿದ ಎರಡೂ ಮೂಟೆ 6 ಎಕರೆಯವರಿಗೆ. ಇದು ಆ ವಿಧಾನದ ಗೊತ್ತಿರುವ ದೋಷ. ಅಮೆರಿಕದಲ್ಲಿ 1880ರ ಜನಗಣತಿಯ ನಂತರ ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಿ ನೋಡುವಾಗ, ಒಟ್ಟು 299 ಸ್ಥಾನವಿದ್ದರೆ ಅಲಬಾಮಾಕ್ಕೆ 8, 300 ಇದ್ದರೆ 7 ಎಂದು ಬಂದಿತ್ತು. ಪಾಲನ್ನು ಸದಾ ನಿಖರ ಸಂಖ್ಯೆಯ ಅಕ್ಕಪಕ್ಕದ ಪೂರ್ಣಾಂಕದಲ್ಲೇ ಇಟ್ಟು, ಇಂಥ ವಿಚಿತ್ರಗಳೊಂದೂ ಬಾರದಂತೆ ಮಾಡುವ ವಿಧಾನ ಇರಲಾರದು ಎಂದು ಬಲಿನ್‌ಸ್ಕಿ ಮತ್ತು ಯಂಗ್ ಎಂಬ ಗಣಿತಜ್ಞರು ಸಾಧಿಸಿ ತೋರಿಸಿದ್ದಾರೆ.

ಹಣದಲ್ಲಿ ಇದು ಒಂದು ರೂಪಾಯಿಯ ಮಾತು, ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂಟೆಯಲ್ಲಿ ಹಾಗಲ್ಲ. ಅಲ್ಲಿ ಮೂಟೆ ಯಾರಿಗೆ ಹೋದರೂ ವ್ಯತ್ಯಾಸವನ್ನು ದುಡ್ಡಿನಲ್ಲಿ ಚುಕ್ತಾ ಮಾಡಿಕೊಳ್ಳಿ. ಗೊಬ್ಬರದ ದುಡ್ಡನ್ನು ಎಕರೆ ಲೆಕ್ಕದಲ್ಲೇ ಹಾಕಿದ್ದೀರಿ, ಮೂಟೆಗೆ 1,400 ರೂಪಾಯಿ ಎಂದುಕೊಂಡರೆ, 10 ಮೂಟೆ ಬಂದಾಗ 2 ಎಕರೆಯವರು ತಮ್ಮ ಪಾಲಿಗಿಂತ ಏಳನೇ ನಾಲ್ಕು ಮೂಟೆ ಹೆಚ್ಚು ಒಯ್ದಿರುತ್ತಾರೆ. 800 ರೂಪಾಯಿ ಕೊಡಬೇಕು, ಉಳಿದಿಬ್ಬರಿಗೆ ತಲಾ 400. 11 ಬಂದಾಗ ಅದೇ 800 ಅವರಿಗೆ ವಾಪಸು ಬರಬೇಕು, ಉಳಿದಿಬ್ಬರೂ ತಲಾ 400 ಕೊಡಬೇಕು.